ಮೈಸೂರು ಸಿಟಿ ಬಸ್ಸಿಗೆ ಟೆಂಡರ್: ಕಿ.ಮೀ. ದರ ಒಂದನ್ನೇ ನೋಡಿದ್ರೆ ಸಾಕಾ?

ಬೋಗಾದಿ_ಬಸ್ಸು
ನಗರಗಳಿಗೆ ಎಲೆಕ್ಟ್ರಿಕ್ ಬಸ್ಸು ತರೋ ಕೇಂದ್ರದ ಪಿಎಂ ಇ-ಬಸ್ ಸೇವಾ ಯೋಜನೆಯ ಪಟ್ಟಿಯಲ್ಲಿ ನಮ್ಮ ಮೈಸೂರೂ ಇದೆ. ಇದರಲ್ಲಿ ಬಸ್ಸನ್ನ ಕೆಎಸ್‌ಆರ್‌ಟಿಸಿ ಕೊಳ್ಳೋದಿಲ್ಲ. ಟೆಂಡರ್ ಗೆದ್ದ ಕಂಪನಿ ಬಸ್ಸು ತಂದು, ಡ್ರೈವರ್ ಇಟ್ಟು, ರಿಪೇರಿ ನೋಡ್ಕೊಂಡು ಓಡಿಸುತ್ತೆ. ನಿಗಮ ಕಿಲೋಮೀಟರಿಗೆ ಇಂತಿಷ್ಟು ಅಂತ ಕೊಡುತ್ತೆ, ಟಿಕೆಟ್ ದುಡ್ಡು ನಿಗಮಕ್ಕೆ. ಕೇಂದ್ರದಿಂದ 12 ಮೀಟರ್ ಬಸ್ಸಿಗೆ ಕಿ.ಮೀ.ಗೆ 24 ರೂಪಾಯಿ, 9 ಮೀಟರಿಗೆ 22, 7 ಮೀಟರಿಗೆ 20, ಅದೂ 10 ವರ್ಷ. ಮಿಕ್ಕಿದ್ದು ನಮ್ಮವರ ತಲೆ ಮೇಲೆ.

ಇಂಥ ಟೆಂಡರ್ ಬಗ್ಗೆ ಪೇಪರಲ್ಲಿ ಬರೋದು ಒಂದೇ ವಿಷಯ, ಯಾರು ಎಷ್ಟು ಕಮ್ಮಿ ಕೋಟ್ ಮಾಡಿದ್ರು ಅಂತ. 2022ರಲ್ಲಿ ಕೇಂದ್ರದ ಸಂಸ್ಥೆ ಸಿಇಎಸ್‌ಎಲ್ ಐದು ನಗರಗಳಿಗೆ ಸೇರಿಸಿ 5,450 ಬಸ್ಸಿಗೆ ಟೆಂಡರ್ ಕರೆದಾಗ 12 ಮೀಟರ್ ಬಸ್ಸಿಗೆ 43.49 ರೂ., 9 ಮೀಟರಿಗೆ 39.21 ರೂ.ವರೆಗೂ ಇಳೀತು. ಅದು ಎಲೆಕ್ಟ್ರಿಕ್ ವಾಹನಕ್ಕೆ ಕೇಂದ್ರ ಕೊಡ್ತಿದ್ದ ಫೇಮ್-2 ಸಬ್ಸಿಡಿ ಸೇರಿದ ಲೆಕ್ಕ ಅನ್ನೋದನ್ನ ಯಾರೂ ಹೇಳಲ್ಲ.

ಕೇಳಬೇಕಾಗಿರೋದು ಇಷ್ಟು: ನಮ್ಮೂರಿನ ಬಸ್ಸಿಗೆ ಟೆಂಡರ್ ಆದಾಗ ದರದ ಜೊತೆಗೆ ಇನ್ನೇನು ನೋಡಬೇಕು? ಎಲ್ಲಿ ಕೆಡುತ್ತೆ?

ಸಾತಗಳ್ಳಿ ಶೆಡ್ಯೂಲ್
ದರಕ್ಕಿಂತ ಮೊದಲು ಯಾವ ಕಿ.ಮೀ.ಗೆ ಆ ದರ ಅನ್ನೋದನ್ನ ನೋಡಿ. ಇಂಥ ಕರಾರಿನಲ್ಲಿ ಖಾತರಿ ಕಿ.ಮೀ. ಅಂತ ಇರುತ್ತೆ, ಇಷ್ಟು ದೂರ ಓಡಿಸೋ ಕೆಲಸ ಕೊಟ್ಟೇ ಕೊಡ್ತೀವಿ ಅಂತ ನಿಗಮ ಒಪ್ಪಿದ ಲೆಕ್ಕ. ದಿನಕ್ಕೆ 200 ಅಂತಿಟ್ಟುಕೊಳ್ಳಿ, ವರ್ಷಕ್ಕೆ 73,000. ದರ 60 ರೂಪಾಯಿ ಆದ್ರೆ ಒಂದು ಬಸ್ಸಿಗೆ ವರ್ಷಕ್ಕೆ 43.8 ಲಕ್ಷ, 100 ಬಸ್ಸಿಗೆ 43.8 ಕೋಟಿ.

ಈಗ ನಿಗಮದವರು ಆ ಬಸ್ಸಿಗೆ ಬರೆದ ಶೆಡ್ಯೂಲ್ (ದಿನದ ಓಟದ ಪಟ್ಟಿ) ದಿನಕ್ಕೆ 165 ಕಿ.ಮೀ. ಮಾತ್ರ ಅನ್ನಿ. ಊರೊಳಗೆ ಗಂಟೆಗೆ 15 ಕಿ.ಮೀ. ವೇಗದಲ್ಲಿ 11 ಗಂಟೆ ಓಡಿದ್ರೂ ಅಷ್ಟೇ ಆಗೋದು. ಓಡದೇ ಉಳಿದ 35 ಕಿ.ಮೀ.ಗೂ ದರದ ಒಂದು ಪಾಲು ಕೊಡಲೇಬೇಕು. ಕರಾರಿನಲ್ಲಿ ಅದು 75% ಅಂತಿದ್ರೆ ದಿನಕ್ಕೆ 1,575 ರೂಪಾಯಿ. ಓಡಿದ 165ಕ್ಕೆ 9,900. ಒಟ್ಟು 11,475. ಭಾಗಿಸಿ ನೋಡಿ: ಕಿ.ಮೀ.ಗೆ 69.55 ಬೀಳುತ್ತೆ. ಟೆಂಡರಲ್ಲಿ ಎರಡು ರೂಪಾಯಿ ಇಳಿಸೋಕೆ ಗುದ್ದಾಡಿ, ಶೆಡ್ಯೂಲ್ ಬರೆಯೋ ಟೇಬಲ್ ಮೇಲೆ ಒಂಬತ್ತೂವರೆ ಕಳ್ಕೊಂಡ ಹಾಗಾಯ್ತು.

ಇನ್ನು ಖಾಲಿ ಓಟ. ಡಿಪೊದಿಂದ ಮೊದಲ ಟ್ರಿಪ್ ಹೊರಡೋ ಜಾಗಕ್ಕೆ ಬಸ್ಸು ಖಾಲಿ ಹೋಗುತ್ತಲ್ಲ, ಆ ಕಿ.ಮೀ.ಗೂ ದುಡ್ಡು. ಸಾತಗಳ್ಳಿಯಲ್ಲಿ ಬಸ್ಸು ನಿಲ್ಲಿಸಿ ಹೂಟಗಳ್ಳಿ ಕಡೆ ಮೊದಲ ಟ್ರಿಪ್ ಕೊಟ್ರೆ ಊರಿನ ಈ ತುದಿಯಿಂದ ಆ ತುದಿಗೆ ಖಾಲಿ ಬಸ್ಸು. ಬೆಳಿಗ್ಗೆ, ರಾತ್ರಿ, ನಡುವೆ ಚಾರ್ಜಿಂಗ್‌ಗೆ ವಾಪಸ್ ಬಂದ್ರೆ ಇನ್ನೆರಡು ಸಲ. ಯಾವ ರೂಟು ಯಾವ ಡಿಪೊದಿಂದ ಅನ್ನೋದನ್ನ ಟೆಂಡರ್‌ಗೆ ಮುಂಚೆಯೇ ಕೂತು ಬರೀಬೇಕು.

ಹೆಬ್ಬಾಳು ಪಾಸ್‌ದಾರ
ಖಾಸಗಿ ಅಂದ್ಮೇಲೆ ರೇಸ್ ಗ್ಯಾರಂಟಿ. ದೆಹಲಿಯ ಖಾಸಗಿ ಬ್ಲೂಲೈನ್ ಬಸ್ಸು ಮರೆತು ಹೋಯ್ತಾ?

ಸಾತಗಳ್ಳಿ ಶೆಡ್ಯೂಲ್
ಬ್ಲೂಲೈನ್ ಬೇರೆ ಲೆಕ್ಕ. ಅಲ್ಲಿ ಟಿಕೆಟ್ ದುಡ್ಡು ಬಸ್ ಮಾಲೀಕನ ಜೇಬಿಗೆ. ಮುಂದಿನ ಸ್ಟಾಪಿಗೆ ಮೊದಲು ಹೋದವನಿಗೆ ಜನ, ಅದಕ್ಕೇ ರೇಸ್. ಇಲ್ಲಿ ಟಿಕೆಟ್ ದುಡ್ಡು ಕಂಪನಿಗೆ ಸೇರೋದೇ ಇಲ್ಲ.

ಲಲಿತಾದ್ರಿ ಲೆಕ್ಕ
ಹೌದು, ಆದ್ರೆ ಇದರಲ್ಲಿ ಉಲ್ಟಾ ರೋಗ ಇದೆ. ಕಿ.ಮೀ.ಗೆ ದುಡ್ಡು ಅಂದ್ರೆ ಸ್ಟಾಪಲ್ಲಿ ನಿಲ್ಲಿಸಿ ಜನ ಹತ್ತಿಸಿದ್ರೂ ಅಷ್ಟೇ, ಹಾಗೇ ಹೋದ್ರೂ ಅಷ್ಟೇ. ನಿಲ್ಲಿಸದಿದ್ರೆ ಟ್ರಿಪ್ ಬೇಗ ಮುಗಿಯುತ್ತೆ, ಬ್ರೇಕ್ ಪ್ಯಾಡ್ ಉಳಿಯುತ್ತೆ. ಹಾಗಾಗಿ ಸ್ಟಾಪ್ ಬಿಟ್ರೆ ದಂಡ ಅಂತ ಕರಾರಲ್ಲಿ ಬರೆದಿರಬೇಕು. ಬರೆದ್ರಷ್ಟೇ ಸಾಲದು, ಬಾಗಿಲು ತೆರೆದದ್ದು ಜಿಪಿಎಸ್ ದಾಖಲೆಯಲ್ಲಿ ಬೀಳೋ ಹಾಗೆ ಡೋರ್ ಸೆನ್ಸರ್ ಕೇಳಿರಬೇಕು. ಇಲ್ದಿದ್ರೆ ಸ್ಟಾಪ್ ಹತ್ರ ನಿಧಾನ ಮಾಡಿ ಹೋದ ಬಸ್ಸೂ ನಿಂತ ಬಸ್ಸೂ ಮ್ಯಾಪಲ್ಲಿ ಒಂದೇ ಥರ ಕಾಣುತ್ತೆ.

ಹಾಗಂತ ಆದಾಯವೂ ಕಂಪನಿಗೇ ಅನ್ನೋ ಪದ್ಧತಿ ನಮ್ಮಲ್ಲಿ ನಡೆಯಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸ್ಟಾಪಲ್ಲಿ ನಿಂತಿರೋರಲ್ಲಿ ಹೆಂಗಸರು, ಪಾಸ್ ಮಕ್ಕಳೇ ಜಾಸ್ತಿ ಇದ್ರೆ ಟಿಕೆಟ್ ದುಡ್ಡಿನ ಮೇಲೆ ಬದುಕೋ ಬಸ್ಸು ಅಲ್ಲಿ ನಿಲ್ಲೋದೇ ಕಷ್ಟ. ಕಂಡಕ್ಟರ್ ನಿಗಮದವರೇ ಇದ್ದು, ಶೂನ್ಯ ಟಿಕೆಟ್ ನಿಗಮದ ಮೆಷಿನ್ನಿಂದಲೇ ಬಂದ್ರೆ ಆ ತಕರಾರು ಹುಟ್ಟೋದಿಲ್ಲ.

ಕೊಡಿಯಾಲ್‌ಬೈಲ್
ನಮ್ಮ ಮಂಗಳೂರಲ್ಲಿ ಖಾಸಗಿ ಸಿಟಿ ಬಸ್ಸು ಎಷ್ಟೋ ವರ್ಷದಿಂದ ಓಡ್ತಾ ಉಂಟು ಮಾರಾಯ್ರೇ. ಸರ್ಕಾರ ಒಂದು ಪೈಸೆ ಕೊಡೋದಿಲ್ಲ. ಮೈಸೂರಿಗೆ ಯಾಕೆ ಆಗ್ಬಾರ್ದು?

ಸಾತಗಳ್ಳಿ ಶೆಡ್ಯೂಲ್
ನಿಮ್ಮಲ್ಲಿರೋದು ಪರ್ಮಿಟ್, ಟೆಂಡರ್ ಅಲ್ಲ. ಆರ್‌ಟಿಎ (ಪ್ರಾದೇಶಿಕ ಸಾರಿಗೆ ಪ್ರಾಧಿಕಾರ) ರೂಟಿಗೂ ಸಮಯಕ್ಕೂ ಪರ್ಮಿಟ್ ಕೊಡುತ್ತೆ, ದರ ಸರ್ಕಾರದ್ದು, ಲಾಭ ನಷ್ಟ ಮಾಲೀಕನದು. ಮೈಸೂರಲ್ಲಿ ಸಿಟಿ ಸರ್ವಿಸ್ ಪೂರ್ತಿ ನಿಗಮದ ಕೈಲಿದೆ, ಮೋಟಾರು ವಾಹನ ಕಾಯ್ದೆಯ 6ನೇ ಅಧ್ಯಾಯದ ಪ್ರಕಾರ ರೂಟುಗಳನ್ನ ನಿಗಮಕ್ಕೇ ಮೀಸಲಿಟ್ಟ ಸ್ಕೀಮ್ ಬದಲಾಗದೆ ಖಾಸಗಿ ಪರ್ಮಿಟ್ ಸಿಗಲ್ಲ. ಟೆಂಡರ್ ಬಸ್ಸು ನಿಗಮದ ಸೇವೆಯಾಗೇ ಓಡೋದ್ರಿಂದ ಆ ತೊಡಕಿಲ್ಲ.

ಕೊಡಿಯಾಲ್‌ಬೈಲ್
ಆದ್ರೂ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೋಗ್ಲಿಕ್ಕೆ ಎರಡು ನಿಮಿಷಕ್ಕೊಂದು ಬಸ್ಸು ನಮ್ಮಲ್ಲೇ ಸಿಗೋದು.

ಲಲಿತಾದ್ರಿ ಲೆಕ್ಕ
ಜನ ತುಂಬೋ ರೂಟಲ್ಲಿ ಸಿಗುತ್ತೆ, ಒಪ್ಪಿದೆ. ರಾತ್ರಿ ಒಂಬತ್ತರ ಮೇಲೆ ಒಳ ಬಡಾವಣೆಗೆ? ಇಂಗ್ಲೆಂಡಲ್ಲೂ ಇದೇ ಆಗಿದ್ದು. 1986ರ ಅಕ್ಟೋಬರ್‌ನಲ್ಲಿ ಲಂಡನ್ ಬಿಟ್ಟು ಉಳಿದ ಊರುಗಳಲ್ಲಿ ಯಾರು ಬೇಕಾದ್ರೂ ಬಸ್ಸು ಓಡಿಸಿ ಅಂತ ಬಿಟ್ರು. ಮ್ಯಾಂಚೆಸ್ಟರ್‌ನವರು ಅದನ್ನ ಬಿಟ್ಟು 2023ರ ಸೆಪ್ಟೆಂಬರ್‌ನಿಂದ ಟೆಂಡರ್ ಪದ್ಧತಿಗೆ ಬಂದ್ರು, 2025ರ ಜನವರಿಗೆ ಪೂರ್ತಿ ನಗರ ಮುಗಿಸಿದ್ರು.

ಲಂಡನ್ ಮಾತ್ರ 1985ರಿಂದಲೇ ರೂಟ್ ರೂಟಿಗೆ ಟೆಂಡರ್ ಕರೀತಾ ಬಂದಿದೆ. ನಾವು ಅಲ್ಲಿಂದ ತಗೋಬೇಕಾದ್ದು ಅಳತೆ. ಐದೈದು ನಿಮಿಷ ತಡ ಅಂತ ಅವರು ಎಣಿಸ್ತಾ ಕೂರಲ್ಲ. 12 ನಿಮಿಷಕ್ಕೊಂದು ಅಥವಾ ಅದಕ್ಕಿಂತ ಹೆಚ್ಚು ಬಸ್ಸಿರೋ ರೂಟಲ್ಲಿ ಪ್ರಯಾಣಿಕ ಎಷ್ಟು ಹೊತ್ತು ಹೆಚ್ಚಿಗೆ ಕಾದ ಅನ್ನೋದೇ ಅಳತೆ. ಲೆಕ್ಕ ಹೀಗೆ: ಎರಡು ಬಸ್ಸಿನ ನಡುವಿನ ಪ್ರತಿ ಅಂತರವನ್ನೂ ವರ್ಗ ಮಾಡಿ ಕೂಡಿಸಿ. ಬಂದದ್ದನ್ನ ಅಂತರಗಳ ಮೊತ್ತದ ಎರಡರಷ್ಟರಿಂದ ಭಾಗಿಸಿ. ಅದೇ ಸರಾಸರಿ ಕಾಯುವಿಕೆ.

ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ 10 ನಿಮಿಷಕ್ಕೊಂದು ಬಸ್ಸು ಅನ್ನಿ. ಸರಿಯಾಗಿ ಬಂದ್ರೆ ಸರಾಸರಿ 5 ನಿಮಿಷ ಕಾಯ್ತೀರಿ. ಈಗ ಸಿಟಿ ಸ್ಟ್ಯಾಂಡಿಂದ ಎರಡು ಬಸ್ಸು ಒಂದರ ಬೆನ್ನಿಗೊಂದು ಹೊರಟ್ವು, ಅಂತರ 2 ನಿಮಿಷ ಮತ್ತು 18 ನಿಮಿಷ. ವರ್ಗ 4 ಮತ್ತು 324, ಕೂಡಿದ್ರೆ 328. ಅಂತರಗಳ ಮೊತ್ತ 20, ಎರಡರಷ್ಟು 40. ಉತ್ತರ 8.2 ನಿಮಿಷ. ಪ್ರತಿಯೊಬ್ಬರೂ ಸರಾಸರಿ 3.2 ನಿಮಿಷ ಹೆಚ್ಚು ಕಾದ್ರು. ಆದ್ರೆ ಎರಡೂ ಬಸ್ಸು ಪೂರ್ತಿ ದೂರ ಓಡಿವೆ, ಎರಡರ ಬಿಲ್ಲೂ ಪೂರ್ತಿ. ಕಿ.ಮೀ. ಮಾತ್ರ ನೋಡೋ ಕರಾರಿಗೆ ಈ ನಷ್ಟ ಕಾಣೋದೇ ಇಲ್ಲ.

2001ರಲ್ಲಿ ಅವರು ತಂದ ಕರಾರಿನಲ್ಲಿ ಈ ಅಂಕಿಗೆ ದುಡ್ಡು ಕಟ್ಟಿದ್ರು. ಚೆನ್ನಾಗಿ ಓಡಿಸಿದ್ರೆ ಕರಾರು ಮೊತ್ತದ 15%ವರೆಗೆ ಬೋನಸ್, ಕೆಟ್ಟದಾಗಿ ಓಡಿಸಿದ್ರೆ 10%ವರೆಗೆ ಕಡಿತ. 5 ವರ್ಷ ಮುಗಿದಾಗ ಸಾಧನೆ ಚೆನ್ನಾಗಿದ್ರೆ ಇನ್ನೂ 2 ವರ್ಷ. ಬರೀ ದಂಡ ಇಟ್ರೆ ಕಂಪನಿ ಆ ದಂಡವನ್ನ ಮೊದಲೇ ದರಕ್ಕೆ ಸೇರಿಸಿ ಕೋಟ್ ಮಾಡುತ್ತೆ.

ಅಗ್ರಹಾರ ಸರ್ಕಲ್
ಲಂಡನ್ ಲೆಕ್ಕ ಇಲ್ಲಿಗೆ ಹೊಂದಲ್ಲ. ದಸರಾ ಹತ್ತು ದಿನ ಅರಮನೆ ಸುತ್ತಮುತ್ತ ಒನ್‌ವೇ, ಸಂಜೆ ದೀಪಾಲಂಕಾರ ನೋಡೋ ಜನ, ಜಂಬೂ ಸವಾರಿ ದಿನ ರಸ್ತೆಯೇ ಬಂದ್. ಅದಕ್ಕೂ ಕಂಪನಿಗೆ ದಂಡ ಹಾಕ್ತೀರಾ?

ಲಲಿತಾದ್ರಿ ಲೆಕ್ಕ
ಯಾಕೆ ಹಾಕಬೇಕು? ಅಲ್ಲೂ ಟ್ರಾಫಿಕ್‌ನಿಂದ ತಪ್ಪಿದ ಕಿ.ಮೀ. ಬೇರೆ, ಬಸ್ಸು ಕೆಟ್ಟು ಅಥವಾ ಡ್ರೈವರ್ ಇಲ್ಲದೆ ತಪ್ಪಿದ ಕಿ.ಮೀ. ಬೇರೆ. ಎರಡನೆಯದಕ್ಕೆ ಮಾತ್ರ ದುಡ್ಡು ಹಿಡೀತಾರೆ. ದಸರಾಕ್ಕೆ ಪೊಲೀಸರ ಮಾರ್ಗ ಬದಲಾವಣೆ ಆದೇಶ ಬಂದ ತಕ್ಷಣ ಬದಲಿ ಶೆಡ್ಯೂಲ್ ಹೊರಡಿಸಿ, ಆ ದಿನಗಳ ಅಳತೆ ಅದರ ಮೇಲೆ ಅಂತ ಕರಾರಲ್ಲಿ ಒಂದು ಕಲಂ ಇದ್ರೆ ಆಯ್ತು. ಕಲಂ ಇಲ್ಲದಿದ್ರೆ ಮಾತ್ರ ಪ್ರತಿ ವರ್ಷ ಅಕ್ಟೋಬರ್ ಬಿಲ್ಲಿಗೆ ಜಗಳ.

ಅಳೆಯೋಕೆ ಸಾಧನ ಇಲ್ಲ ಅನ್ನೋ ಹಾಗೂ ಇಲ್ಲ. ಬಸ್ಸುಗಳಿಗೆ ಜಿಪಿಎಸ್ ಹಾಕಿ ಸ್ಟಾಪಲ್ಲಿ ಸಮಯ ತೋರಿಸೋ ಐಟಿಎಸ್ ಮೈಸೂರಿಗೆ 2012ರಲ್ಲೇ ಬಂತು. ಬೋರ್ಡ್ ಹಾಕೋದು ಸುಲಭ. ಆ ದತ್ತಾಂಶ ದಿನಾ ನೋಡಿ ಇಂಥ ಟ್ರಿಪ್ಪಿಗೆ ದುಡ್ಡು ಹಿಡೀರಿ ಅಂತ ಬರೆಯೋ ನಾಲ್ಕು ಜನ ಬೇಕು. ಅವರನ್ನ ನೇಮಿಸದೆ ಟೆಂಡರ್‌ಗೆ ಹೋಗಬಾರದು.

ಎಚ್‌ಟಿ ಲೈನ್
ಎಲ್ಲರೂ ಬಸ್ಸಿನ ಮಾತೇ ಆಡ್ತಿದ್ದೀರಿ, ಕರೆಂಟು? 12 ಮೀಟರ್ ಎಸಿ ಬಸ್ಸು ಕಿ.ಮೀ.ಗೆ ಸುಮಾರು 1.2 ಯೂನಿಟ್ ಕುಡಿಯುತ್ತೆ. 200 ಕಿ.ಮೀ.ಗೆ 240, ಚಾರ್ಜರ್‌ನಲ್ಲಿ 10% ನಷ್ಟ ಸೇರಿ 264. ನೂರು ಬಸ್ಸಿಗೆ ದಿನಕ್ಕೆ 26,400 ಯೂನಿಟ್. ಎಲ್ಲವನ್ನೂ ರಾತ್ರಿ ಹತ್ತೂವರೆಯಿಂದ ಬೆಳಗಿನ ನಾಲ್ಕೂವರೆ ಒಳಗೆ ತುಂಬಿಸಬೇಕು ಅಂದ್ರೆ ಸರಾಸರಿ 4.4 ಮೆಗಾವ್ಯಾಟ್. ಮಾಮೂಲಿ ಟ್ರಾನ್ಸ್‌ಫಾರ್ಮರ್ ಇಟ್ಟು ಎಳೆಯೋ ಲೋಡ್ ಅಲ್ಲ ಇದು. 11 ಕೆವಿ ಪ್ರತ್ಯೇಕ ಫೀಡರ್ (ಕರೆಂಟ್ ತರೋ ಲೈನ್), ಎರಡು ಕಡೆಯಿಂದ ಕರೆಂಟ್ ಸಿಗೋ ರಿಂಗ್ ಮೇನ್, ಡಿಪೊದೊಳಗೆ ಸಬ್‌ಸ್ಟೇಷನ್ ಬೇಕು. ವಿದ್ಯುತ್ ಕಂಪನಿ ಸೆಸ್ಕ್‌ಗೆ ಅರ್ಜಿ ಹಾಕಿ, ಎಸ್ಟಿಮೇಟ್ ಮಂಜೂರಾಗಿ, ಕೇಬಲ್‌ಗೆ ರಸ್ತೆ ಅಗೆಯೋ ಅನುಮತಿ ಸಿಗೋ ಹೊತ್ತಿಗೆ ಬಸ್ಸು ಬಂದು ಯಾರ್ಡಲ್ಲಿ ಧೂಳು ಕುಡೀತಾ ನಿಂತಿರುತ್ತೆ. ವಿಳಂಬ ನಿಗಮದ ಕಡೆಯದಾದ್ರೆ ನಿಂತ ಬಸ್ಸಿಗೂ ಕಂಪನಿ ದುಡ್ಡು ಕೇಳುತ್ತೆ. ಆದ್ದರಿಂದ ಡಿಪೊ ಕರೆಂಟು ಸಿದ್ಧವಾಗೋ ದಿನಾಂಕಕ್ಕೂ ಬಸ್ಸು ಬರೋ ಕಂತಿಗೂ ಗಂಟು ಹಾಕಿರಬೇಕು: ಮೊದಲ 25 ಬಸ್ಸು ಬರೋಕೆ ಮುಂಚೆ ಅಷ್ಟಕ್ಕೆ ಬೇಕಾದ ಚಾರ್ಜರ್ ಓಡ್ತಿರಬೇಕು.

ಕರೆಂಟ್ ಬಿಲ್ ಯಾರು ಕಟ್ಟೋದು ಅನ್ನೋದೂ ಮುಖ್ಯ. ನಿಗಮ ಕಟ್ಟುತ್ತೆ ಅಂದ್ರೆ ಕಂಪನಿಗೆ ಟೈರ್ ಗಾಳಿ, ಡ್ರೈವರ್ ತರಬೇತಿ ಯಾವುದರ ಚಿಂತೆಯೂ ಇರಲ್ಲ. ಕಿ.ಮೀ.ಗೆ ಇಷ್ಟು ಯೂನಿಟ್‌ವರೆಗೆ ನಿಗಮದ್ದು, ಮೀರಿದ್ದು ನಿಮ್ಮದು ಅಂತ ಮಿತಿ ಹಾಕಬೇಕು. ಆ ಮಿತಿಯೂ ರೂಟ್ ನೋಡಿ.

ಮೆಟ್ಟಿಲು ಹತ್ತೋರು
ಚಾಮುಂಡಿ ಬೆಟ್ಟಕ್ಕೆ ಹೋಗೋ 201ನೇ ರೂಟಿಗೆ ಎಲೆಕ್ಟ್ರಿಕ್ ಬಸ್ಸು ಆಗುತ್ತಾ? ಏರು ಜಾಸ್ತಿ ಅಲ್ವಾ?

ಎಚ್‌ಟಿ ಲೈನ್
ಆರಾಮಾಗಿ ಆಗುತ್ತೆ. ಊರಿಂದ ಬೆಟ್ಟದ ಮೇಲಕ್ಕೆ ಹತ್ತಿರ ಹತ್ತಿರ 300 ಮೀಟರ್ ಏರು. ಜನ ತುಂಬಿದ 16 ಟನ್ ಬಸ್ಸನ್ನ ಅಷ್ಟೆತ್ತರಕ್ಕೆ ಒಯ್ಯೋಕೆ ಸುಮಾರು 13 ಯೂನಿಟ್, ಮೋಟಾರ್ ನಷ್ಟ ಸೇರಿ 15. ಇದು ಮಾಮೂಲಿ ಖರ್ಚಿನ ಮೇಲೆ. ಇಳಿಯುವಾಗ ಬ್ರೇಕಿಂದ ಒಂದು ಪಾಲು ಬ್ಯಾಟರಿಗೆ ವಾಪಸ್ ಬರುತ್ತೆ, ಪೂರ್ತಿ ಬರಲ್ಲ. ಅದಕ್ಕೇ ಹೇಳಿದ್ದು, ಇಲವಾಲದ ಸಪಾಟು ರಸ್ತೆಗೂ ಬೆಟ್ಟಕ್ಕೂ ಒಂದೇ ಯೂನಿಟ್ ಮಿತಿ ಇಟ್ರೆ ಬೆಟ್ಟದ ಟ್ರಿಪ್ಪೇ ತಪ್ಪಿಸೋ ಆಸೆ ಹುಟ್ಟುತ್ತೆ.

ಸ್ಟೀರಿಂಗ್
ಡ್ರೈವರ್ ಬಗ್ಗೆ ಯಾರೂ ಮಾತಾಡಿಲ್ಲ. 200 ಕಿ.ಮೀ. ಅಂದ್ರೆ ಗಂಟೆಗೆ 15ರಂತೆ 13 ಗಂಟೆಗೂ ಮೇಲೆ ಸ್ಟೀರಿಂಗ್. ಕಾರ್ಮಿಕ ಕಾನೂನಿನ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 48. ಹಾಗಾದ್ರೆ ಬಸ್ಸಿಗೆ ಇಬ್ಬರು. ವಾರದ ರಜೆಗೆ ಏಳನ್ನ ಆರರಿಂದ ಭಾಗಿಸಿ ಗುಣಿಸಿದ್ರೆ 2.33. ಹುಷಾರಿಲ್ಲದ್ದು, ಹಬ್ಬ, ಊರಿನ ಕೆಲಸ ಅಂತ 10% ಸೇರಿಸಿದ್ರೆ 2.57. ನೂರು ಬಸ್ಸಿಗೆ 257 ಡ್ರೈವರ್. ಕೋಟ್ ಮಾಡುವಾಗ ಬಸ್ಸಿಗೆ ಎರಡೇ ಅಂತ ಹಿಡಿದ ಕಂಪನಿ ಕಿ.ಮೀ.ಗೆ ಒಂದೂವರೆ ಎರಡು ರೂಪಾಯಿ ಕಮ್ಮಿ ತೋರಿಸಿ ಟೆಂಡರ್ ಗೆಲ್ಲುತ್ತೆ. ಆಮೇಲೆ ಡಬಲ್ ಡ್ಯೂಟಿ, ಸಂಬಳ ತಡ, ಒಂದು ಬೆಳಿಗ್ಗೆ ಡಿಪೊ ಗೇಟಲ್ಲಿ ಬಸ್ಸು ಹೊರಡಲ್ಲ.

ಡ್ರೈವರ್ ಸಂಖ್ಯೆ, ಪಿಎಫ್, ಇಎಸ್‌ಐ ಚಲನ್, ಬ್ಯಾಂಕಿಗೆ ಸಂಬಳ ಹೋದ ದಾಖಲೆ ಇವನ್ನ ತಿಂಗಳ ಬಿಲ್ ಜೊತೆ ಲಗತ್ತಿಸದಿದ್ರೆ ಬಿಲ್ ಪಾಸಾಗಬಾರದು. ಒಂದೇ ಸೀಟಲ್ಲಿ ಕೂತು ಒಂದೇ ರೂಟಲ್ಲಿ ಓಡಿಸೋನಿಗೆ ನಿಗಮದ ಡ್ರೈವರ್‌ನ ಅರ್ಧ ಸಂಬಳ ಕೊಟ್ಟು ಸೇವೆ ಸುಧಾರಿಸಿ ಅಂದ್ರೆ ಯಾವ ನ್ಯಾಯ?

ಬೋಗಾದಿ_ಬಸ್ಸು
ಈ ಮಾತು ಟೆಂಡರ್ ಚರ್ಚೆಗಳಲ್ಲಿ ಬರೋದೇ ಇಲ್ಲ. ಕಮ್ಮಿ ಕೋಟ್ ಮಾಡಿ ಗೆದ್ದವರು ಮಧ್ಯದಲ್ಲಿ ಕೈ ಎತ್ತಿದ್ರೆ ಏನು ಗತಿ?

ಲಲಿತಾದ್ರಿ ಲೆಕ್ಕ
ಕೈ ಎತ್ತೋ ಸಮಯ ಮೊದಲೇ ಊಹಿಸಬಹುದು. ಬ್ಯಾಟರಿ ಏಳೆಂಟು ವರ್ಷಕ್ಕೆ ಸೋಲುತ್ತೆ, ಬದಲಿಸೋದು ದೊಡ್ಡ ಖರ್ಚು, ಅದು ಕಂಪನಿ ಮೇಲೆ. ಆ ಹೊತ್ತಿಗೆ ಕಂಪನಿ ಭದ್ರತೆಗೆ ಅಂತ ಕೊಟ್ಟ ಬ್ಯಾಂಕ್ ಗ್ಯಾರಂಟಿ ಮೊತ್ತ ಕರಗಿಸ್ತಾ ಬಂದಿದ್ರೆ ಬಿಟ್ಟು ಹೋಗೋದೇ ಅವರಿಗೆ ಲಾಭ. ಗ್ಯಾರಂಟಿ ಕೊನೇವರೆಗೂ ಇಳಿಯಬಾರದು. ಬ್ಯಾಟರಿ ಸಾಮರ್ಥ್ಯ ಇಷ್ಟಕ್ಕಿಂತ ಕೆಳಗೆ ಬಂದ್ರೆ ಬದಲಿಸಲೇಬೇಕು ಅಂತ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಬರೆದಿಡಬೇಕು. ದಂಡಕ್ಕೆ ತಿಂಗಳ ಬಿಲ್ಲಿನ ಇಂತಿಷ್ಟು ಶೇಕಡ ಅಂತ ಮಿತಿ ಇರುತ್ತಲ್ಲ, ಆ ಮಿತಿ ಮುಟ್ಟಿದ ಮೇಲೆ ಎಷ್ಟು ಟ್ರಿಪ್ ತಪ್ಪಿಸಿದ್ರೂ ಕಂಪನಿಗೆ ನಷ್ಟವಿಲ್ಲ. ಸತತ ಮೂರು ತಿಂಗಳು ಮಿತಿ ಮುಟ್ಟಿದ್ರೆ ಕರಾರು ರದ್ದು ಅಂತ ಇನ್ನೊಂದು ಕಲಂ ಬೇಕೇ ಬೇಕು.

ಡಿಪೊ, ಚಾರ್ಜರ್ ಲೈನ್ ನಿಗಮದ್ದೇ ಆಗಿರಬೇಕು ಅನ್ನೋದೂ ಇದಕ್ಕೇ. ಜಾಗ ಕಂಪನಿಯದಾದ್ರೆ ಮುಂದಿನ ಟೆಂಡರಲ್ಲಿ ಬೇರೆಯವರು ಬಸ್ಸು ನಿಲ್ಲಿಸೋದೆಲ್ಲಿ? ಹಳಬರೇ ಬಾಯಿಗೆ ಬಂದ ದರ ಹೇಳ್ತಾರೆ. ಸಿಂಗಪುರದವರು 2016ರಲ್ಲಿ ಟೆಂಡರ್ ಬಸ್ಸು ಶುರು ಮಾಡುವಾಗ ಡಿಪೊ, ಬಸ್ಸು ಎರಡನ್ನೂ ಸರ್ಕಾರದ ಕೈಲಿ ಇಟ್ಕೊಂಡ್ರು. ಹೊಸ ಕಂಪನಿ ಬಂದು ಬೀಗದ ಕೈ ತಗೊಂಡು ಕೆಲಸ ಶುರು ಮಾಡಬಹುದು.

ಹೆಬ್ಬಾಳು ಪಾಸ್‌ದಾರ
ಕಂಪನಿಗೆ ಇಷ್ಟೆಲ್ಲ ಕಟ್ಟಳೆ. ನಿಗಮ ಬಿಲ್ ಕೊಡದೆ ಸತಾಯಿಸಿದ್ರೆ?

ಸಾತಗಳ್ಳಿ ಶೆಡ್ಯೂಲ್
ಸರಿಯಾದ ಪ್ರಶ್ನೆ. ಆ ಭಯವೂ ದರದೊಳಗೆ ಸೇರಿರುತ್ತೆ. ಬಿಲ್ ಆರು ತಿಂಗಳು ತಡ ಅಂತ ಗೊತ್ತಿದ್ದವನು ಬಡ್ಡಿ ಸೇರಿಸಿಯೇ ಕೋಟ್ ಮಾಡೋದು. ಅದಕ್ಕೇ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ 3,435.33 ಕೋಟಿಯ ಪಾವತಿ ಭದ್ರತೆ ಯೋಜನೆ ತಂತು. ನಿಗಮ ಕೊಡದಿದ್ರೆ ಆ ನಿಧಿಯಿಂದ ಕಂಪನಿಗೆ ಹೋಗುತ್ತೆ, ಆಮೇಲೆ ರಾಜ್ಯದಿಂದ ವಸೂಲಿ. ಇದರ ಜೊತೆ ಎಸ್ಕ್ರೊ ಖಾತೆ (ಬೇರೆ ಖರ್ಚಿಗೆ ಮುಟ್ಟಲಾಗದ ಮೀಸಲು ಖಾತೆ) ಇಟ್ಟು ಟಿಕೆಟ್ ಹಣ, ಕೇಂದ್ರದ ಹಣ, ಶಕ್ತಿ ಹಣ ಮೊದಲು ಅಲ್ಲಿಗೇ ಬೀಳೋ ಹಾಗೆ ಮಾಡಿದ್ರೆ ದರ ತಾನಾಗೇ ಇಳಿಯುತ್ತೆ.

ಮಂಡ್ಯದ್ ಹೈದ
ನಿಮ್ಗೆ ಡಿಪೊ ಚಿಂತೆ, ನಮ್ಮ ಮಂಡ್ಯದಲ್ಲಿ ಸಿಟಿ ಬಸ್ಸೇ ಸರಿಯಾಗಿಲ್ಲ ಕಣಣ್ಣ. ಬೈಪಾಸ್ ಆದ್ಮೇಲೆ ನಾನ್‌ಸ್ಟಾಪ್ ಬಸ್ಸು ಊರೊಳಕ್ಕೇ ಬರಲ್ಲ. ಆಸ್ಪತ್ರೆ, ಕಾಲೇಜು, ಮಾರ್ಕೆಟ್ಟಿಗೆಲ್ಲ ಆಟೋನೇ ಗತಿ. ನಮ್ಗೂ ಟೆಂಡರ್ ಕರೀಬೋದಾ?

ಸಾತಗಳ್ಳಿ ಶೆಡ್ಯೂಲ್
ಕರೀಬಹುದು, ಆದ್ರೆ ಮೈಸೂರಿನ ಕಾಗದ ನಕಲು ಮಾಡಬಾರದು. ಮಂಡ್ಯಕ್ಕೆ 12 ಮೀಟರ್ ಬಸ್ಸು ಬೇಡ, 7 ಅಥವಾ 9 ಮೀಟರ್ ಸಾಕು. ರೂಟು ಚಿಕ್ಕದು, ದಿನಕ್ಕೆ 200 ಕಿ.ಮೀ. ಆಗೋದೇ ಇಲ್ಲ. ಹತ್ತಿಪ್ಪತ್ತು ಬಸ್ಸಿಗೆ ಪ್ರತ್ಯೇಕ ಟೆಂಡರ್ ಕರೆದ್ರೆ ಒಳ್ಳೆ ಕಂಪನಿ ಬರಲ್ಲ, ಮೈಸೂರಿನ ಪ್ಯಾಕೇಜಿಗೆ ಸೇರಿಸಿ ಖಾತರಿ ಕಿ.ಮೀ. ಮಾತ್ರ ಬೇರೆ ಬರೀಬೇಕು. ಪಕ್ಕದ ಹಳ್ಳಿಗಳನ್ನೂ ಸೇರಿಸಿದ್ರೆ ಬಸ್ಸು ಸುಮ್ನೆ ನಿಲ್ಲೋದು ತಪ್ಪುತ್ತೆ.

ಮಂಡ್ಯದ್ ಹೈದ
ಹಂಗಾದ್ರೆ ಕೇಳ್ದಾಗ ಹೇಳಕ್ಕೆ ಒಂದು ಲೆಕ್ಕ ಸಿಕ್ತು.

ಅಗ್ರಹಾರ ಸರ್ಕಲ್
ಪ್ಯಾಕೇಜ್ ದೊಡ್ಡದು ಮಾಡಿದ್ರೆ ಬಿಡ್ ಹಾಕೋರೇ ಇಬ್ಬರು ಮೂವರು. ಹಿಂದೆ 500 ಬಸ್ಸು ಓಡಿಸಿರಬೇಕು ಅನ್ನೋ ಥರ ಅರ್ಹತೆ ಇಟ್ರೆ ಸ್ಥಳೀಯರು ಅರ್ಹತೆ ನೋಡೋ ಮೊದಲ ಕವರಲ್ಲೇ ಔಟ್. ಸ್ಪರ್ಧೆ ಬೇಕು ಅಂದ್ರೆ ಎರಡು ಡಿಪೊ ಎರಡು ಕಂಪನಿಗೆ ಕೊಡಿ. ಒಬ್ಬರ ಸಾಧನೆ ಇನ್ನೊಬ್ಬರಿಗೆ ಅಳತೆಗೋಲು ಆಗುತ್ತೆ, ಒಬ್ಬರು ನಿಂತ್ರೂ ಊರು ನಿಲ್ಲಲ್ಲ.

ಬೋಗಾದಿ_ಬಸ್ಸು
ಪ್ರಯಾಣಿಕರಾಗಿ ನಾವು ಇದರಲ್ಲಿ ಎಲ್ಲಿ ಕೈ ಹಾಕಬಹುದು? ಬಿಡ್ ಹಾಕೋಕೆ ಮುಂಚೆ ನಡೆಯೋ ಪ್ರೀ-ಬಿಡ್ ಸಭೆಗೆ ಬಿಡ್ಡರ್‌ಗಳನ್ನ ಬಿಟ್ರೆ ಯಾರನ್ನೂ ಕರೆಯಲ್ಲ.

ಲಲಿತಾದ್ರಿ ಲೆಕ್ಕ
ಟೆಂಡರ್ ಕಾಗದ ಪೋರ್ಟಲ್‌ನಲ್ಲಿ ಹಾಕ್ತಾರೆ, ಡೌನ್‌ಲೋಡ್ ಮಾಡಿ. ಮುಖ್ಯ ಪುಸ್ತಕ ನೂರಾರು ಪುಟ ಇರುತ್ತೆ, ಹೆದರಬೇಡಿ. ಕೊನೆಯ ಅನುಬಂಧಗಳಿಂದ ಓದಲು ಶುರು ಮಾಡಿ: ದಂಡದ ಪಟ್ಟಿ, ಪಾವತಿ ಸೂತ್ರ, ಡಿಪೊ ಹಸ್ತಾಂತರದ ದಿನಾಂಕ. ಆಮೇಲೆ ಬರೋ ತಿದ್ದುಪಡಿಗಳನ್ನ ತಪ್ಪದೆ ನೋಡಿ. ಮೊದಲ ಪ್ರತಿಯಲ್ಲಿದ್ದ ಕಟ್ಟುನಿಟ್ಟು ಸಡಿಲವಾಗೋದು ಪ್ರೀ-ಬಿಡ್ ಆದ ಮೇಲಿನ ತಿದ್ದುಪಡಿಯಲ್ಲೇ. ಇಲಾಖೆಗೆ ಪತ್ರ ಬರೆಯೋದಾದ್ರೆ ಆ ಹೊತ್ತಿಗೇ ಬರೀಬೇಕು, ಬಿಡ್ ತೆರೆದ ಮೇಲೆ ಒಂದು ಅಕ್ಷರವೂ ಬದಲಾಗಲ್ಲ.

ಸಹಿ ಆದ ಕರಾರಿನ ಪ್ರತಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಅರ್ಜಿ, 30 ದಿನದೊಳಗೆ ಉತ್ತರ ಕೊಡಬೇಕು. ಬಸ್ಸು ಓಡೋಕೆ ಶುರುವಾದ ಮೇಲೆ ಪ್ರತಿ ತಿಂಗಳು ಮೂರು ಅಂಕಿ ಕೇಳ್ತಾ ಹೋಗಿ: ಶೆಡ್ಯೂಲ್ ಟ್ರಿಪ್ ಎಷ್ಟು, ಓಡಿದ್ದೆಷ್ಟು, ಹಿಡಿದ ದಂಡ ಎಷ್ಟು.

ಸ್ಟೀರಿಂಗ್
ನಾಲ್ಕನೆಯದೂ ಸೇರಿಸಿ. ಡ್ರೈವರ್‌ಗಳಿಗೆ ಸಂಬಳ ಬ್ಯಾಂಕಿಗೆ ಹೋದ ತಾರೀಖು.

ಬೋಗಾದಿ_ಬಸ್ಸು
ಸೇರಿಸಿದೆ. ಅರ್ಜಿಯ ಕರಡು ಇಲ್ಲೇ ಹಾಕ್ತೀನಿ. ಖಾತರಿ ಕಿ.ಮೀ., ಖಾಲಿ ಓಟ ಎರಡಕ್ಕೂ ರೂಟ್‌ವಾರು ಪಟ್ಟಿ ಕೇಳೋ ಸಾಲು ಹೇಗೆ ಬರೀಬೇಕು ಅಂತ ಸಾತಗಳ್ಳಿಯವರು ತಿದ್ದಿಕೊಡಿ.

ಸಾತಗಳ್ಳಿ ಶೆಡ್ಯೂಲ್
ಹಾಕಿ. ಒಟ್ಟು ಕಿ.ಮೀ. ಅಂತ ಕೇಳಬೇಡಿ, ಒಂದೇ ಸಂಖ್ಯೆ ಬರೆದು ಕಳಿಸ್ತಾರೆ. ಡಿಪೊವಾರು, ಶೆಡ್ಯೂಲ್ ನಂಬರ್‌ವಾರು, ಟ್ರಿಪ್ ಕಿ.ಮೀ. ಬೇರೆ, ಖಾಲಿ ಕಿ.ಮೀ. ಬೇರೆ ಅಂತ ನಾಲ್ಕು ಕಾಲಂ ನೀವೇ ಗೆರೆ ಹಾಕಿ ಕೊಡಿ.